ವಾಣಿಜ್ಯ ಜಾಗ ಕೊಳ್ಳುವ ಮುಂಚೆ ಪರಿಸರ ತಪಾಸಣೆ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ಥರ ಶುರುವಾಗುತ್ತವೆ. "ಸರ್, ಅಡ್ವಾನ್ಸ್ ಕೊಟ್ಟಾಗಿದೆ. ಬೋರಿನ ನೀರು ಲ್ಯಾಬಿಗೆ ಕಳಿಸಿದ್ದೆ, ರಿಪೋರ್ಟ್ ಚೆನ್ನಾಗೇ ಬಂದಿದೆ. ಈಗ ಗೋಡೌನ್ ಬಾಡಿಗೆಗೆ ತಗೊಳ್ಳೋ ಕಂಪನಿಯವರು ಫೇಸ್ ಒನ್ ರಿಪೋರ್ಟ್ ಕೊಡಿ ಅಂತಿದಾರೆ. ಏನದು?"

ಇಷ್ಟು ಮಾತಿನಲ್ಲೇ ಮೂರು ತಪ್ಪುಗಳಿವೆ. ದುಡ್ಡು ಮೊದಲು ಹೋಯಿತು. ಏನು ಹುಡುಕಬೇಕು ಅಂತ ಗೊತ್ತಾಗುವ ಮುಂಚೆಯೇ ಲ್ಯಾಬಿಗೆ ಓಡಿದರು. ಮಣ್ಣನ್ನು ಯಾರೂ ಮುಟ್ಟಲೇ ಇಲ್ಲ.

ಕೆಲಸ ಅಷ್ಟೇನೂ ಕಷ್ಟದ್ದಲ್ಲ, ಕ್ರಮ ಮಾತ್ರ ತಪ್ಪಬಾರದು. ಮೊದಲು ಕಾಗದ, ಆಮೇಲೆ ಕಾಲು, ಆಮೇಲೆ ಬಾಯಿ, ಕಡೆಗೆ ಬಾಟಲಿ. ಬಾಟಲಿಯಿಂದ ಶುರು ಮಾಡಿದವರು ಕೇಳದ ಪ್ರಶ್ನೆಗೆ ಉತ್ತರ ತರಿಸಿಕೊಂಡು ಕೂತಿರುತ್ತಾರೆ.

## ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ.

ಇಐಎ ಅಂದರೆ ನೀವು ಕಟ್ಟಲಿರುವ ಯೋಜನೆಯಿಂದ ಸುತ್ತಲಿನ ಪರಿಸರಕ್ಕೆ ಏನಾಗುತ್ತದೆ ಎಂಬ ಅಧ್ಯಯನ. 2006ರ ಇಐಎ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ಜಾಸ್ತಿ ಕಟ್ಟಡ ವಿಸ್ತೀರ್ಣ ಇರುವ ನಿರ್ಮಾಣಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಎರಡನೆಯದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಅಂದರೆ ಕನ್ಸೆಂಟ್. ಅದು ಉದ್ಯಮ ನಡೆಸುವುದಕ್ಕೆ. ಮೂರನೆಯದು ನಾವು ಇಲ್ಲಿ ಹೇಳುತ್ತಿರುವ ಜಾಗದ ಪರಿಸರ ತಪಾಸಣೆ. ಇದು ಹಿಂದಕ್ಕೆ ನೋಡುವ ಕೆಲಸ: ಈ ನೆಲಕ್ಕೆ ಇಷ್ಟು ವರ್ಷ ಯಾರು ಏನು ಸುರಿದಿದ್ದಾರೆ?

ಇದರ ಜೊತೆ "ಈಸಿ" ಅನ್ನುವ ಇನ್ನೊಂದು ತಮಾಷೆ ಇದೆ. ಪರಿಸರ ಅನುಮತಿಯೂ ಈಸಿ, ಋಣಭಾರ ಪ್ರಮಾಣಪತ್ರವೂ ಈಸಿ. "ಈಸಿ ಕೊಡಿ" ಅಂದರೆ ಮಾರುವವರು ಸಬ್ ರಿಜಿಸ್ಟ್ರಾರ್ ಆಫೀಸಿನ ಕಾಗದ ತಂದು ಕೈಗಿಡುತ್ತಾರೆ. ಸುಳ್ಳು ಹೇಳಿದ್ದಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ.

ಫೇಸ್ ಒನ್ ಅನ್ನುವ ಹೆಸರು ಬಂದದ್ದು ಅಮೆರಿಕದಿಂದ. ಅಲ್ಲಿ 1980ರ ಒಂದು ಕಾಯ್ದೆಯಡಿ, ಹಿಂದಿನವರು ಮಾಡಿದ ಹೊಲಸಿನ ಖರ್ಚು ಈಗಿನ ಮಾಲೀಕನ ತಲೆಗೂ ಬರಬಹುದು. ಅದರಿಂದ ರಕ್ಷಣೆ ಬೇಕಾದರೆ ಕೊಳ್ಳುವ ಮುಂಚೆ ಸರಿಯಾಗಿ ವಿಚಾರಿಸಿದ್ದಕ್ಕೆ ಪುರಾವೆ ಇರಬೇಕು. ಆ ವಿಚಾರಣೆಯ ಮಾದರಿಯೇ ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಇ 1527-21. ನಮ್ಮಲ್ಲಿ ಕ್ರಯಪತ್ರ ಆಗುವುದಕ್ಕೆ ಫೇಸ್ ಒನ್ ಬೇಕೇಬೇಕು ಅಂತ ಕಾನೂನು ಹೇಳುವುದಿಲ್ಲ. ಕೇಳುವವರು ವಿದೇಶಿ ಕಂಪನಿಯ ಬಾಡಿಗೆದಾರರು, ಹೂಡಿಕೆದಾರರು, ಕೆಲವು ಸಾಲದಾತರು. ಅವರು ಕೇಳುವುದು ಹೆಚ್ಚಾಗಿ ಇದೇ ಮಾದರಿಯ ವರದಿ. ಇದರಲ್ಲಿ ಮಣ್ಣು ನೀರಿನ ಪರೀಕ್ಷೆ ಇರುವುದಿಲ್ಲ. ದಾಖಲೆ, ಭೇಟಿ, ಮಾತುಕತೆ ಅಷ್ಟೇ. ಅನುಮಾನ ಬಂದರೆ ಮಾತ್ರ ಫೇಸ್ ಟು, ಅಂದರೆ ಅಗೆದು ಪರೀಕ್ಷೆ.

ನಮ್ಮ ದೇಶದಲ್ಲೂ ಗಾಳಿ ಆ ಕಡೆಗೇ ಬೀಸುತ್ತಿದೆ. ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿದೆ. ಅನುಮಾನದ ಜಾಗಗಳನ್ನು ಗುರುತಿಸಿ ತಿಳಿಸುವ ಹೊಣೆ ಜಿಲ್ಲಾಡಳಿತದ ಮೇಲೂ ಬಂದಿದೆ. ಕೊಂಡ ಮೇಲೆ ನಿಮ್ಮ ಜಾಗ ಆ ಪಟ್ಟಿ ಸೇರುವುದಕ್ಕಿಂತ ಕೊಳ್ಳುವ ಮುಂಚೆ ತಿಳಿದುಕೊಳ್ಳುವುದು ಅಗ್ಗ.

## ಚೀಲದಲ್ಲಿ ಏನೇನು ಇರಬೇಕು

ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮತ್ತು ಜಿಪಿಎಸ್ ಕ್ಯಾಮೆರಾ ಇರುವ ಫೋನು. ಗ್ರಾಮ ನಕ್ಷೆಯ ಪ್ರತಿ. 30 ಮೀಟರಿನ ಟೇಪು. ನಾಲ್ಕಡಿಯ ಕಬ್ಬಿಣದ ಸಲಾಕೆ. ಹಾರೆ, ಸಲಿಕೆ. ಗಟ್ಟಿ ಅಡಿಯ ಬೂಟು, ಕೈಗವಸು. ಎರಡು ಬಾಟಲಿ ನೀರು, ಒಂದು ಕುಡಿಯಲು, ಇನ್ನೊಂದು ಮಣ್ಣು ತೊಳೆದು ನೋಡಲು. ಒಂದು ಅಯಸ್ಕಾಂತ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ಅಡ್ವಾನ್ಸ್ ಕೊಡುವ ಮುಂಚೆ ಕರಾರಿನಲ್ಲಿ ಬರೆಸಿ

ಖರೀದಿ ಕರಾರಿನಲ್ಲಿ ಮೂರು ಸಾಲು ಇರಲಿ. ತಪಾಸಣೆಗೆ ಕನಿಷ್ಠ 45 ದಿನ, 60 ಆದರೆ ಇನ್ನೂ ಒಳ್ಳೆಯದು. ಜಾಗದ ಒಳಗೆ ಹೋಗಿ ಅಗೆಯಲು, ನೀರು ಮಣ್ಣು ತೆಗೆಯಲು ಒಪ್ಪಿಗೆ. ಮಾಲಿನ್ಯ ಕಂಡುಬಂದರೆ ಅಡ್ವಾನ್ಸ್ ವಾಪಸ್.

45 ದಿನ ಯಾಕೆ ಅಂದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಕು, ಅದರ ಉತ್ತರಕ್ಕೇ 30 ದಿನದ ಅವಕಾಶ ಇದೆ. ಹದಿನೈದು ದಿನದಲ್ಲಿ ಮುಗಿಸಿಕೊಡಿ ಅಂತ ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಮಂಡಳಿಯ ಕಾಗದ ನೋಡದ ವರದಿ ಅರ್ಧ ವರದಿ.

ಎಚ್ಚರಿಕೆ: "ಅಳತೆ ಮಾಡಿಕೊಳ್ಳಿ, ಫೋಟೊ ತಗೊಳ್ಳಿ, ಆದರೆ ಅಗೆಯೋದು ಮಾತ್ರ ಬೇಡ" ಅಂದರೆ ಅಲ್ಲೇ ಸ್ವಲ್ಪ ನಿಂತು ಯೋಚಿಸಿ.

## ಹಂತ 2: ಕಾಗದ ಹಿಂದಕ್ಕೆ ಓದಿ

ವಕೀಲರು ಟೈಟಲ್ ನೋಡಲು ತರಿಸಿದ ಕಾಗದಗಳೇ ಸಾಕು, ಆದರೆ ಓದುವ ಕಣ್ಣು ಬೇರೆ. ವಕೀಲರು ಹೆಸರು ನೋಡುತ್ತಾರೆ. ನೀವು ಬಳಕೆ ನೋಡಬೇಕು.

ಪಹಣಿಯಿಂದ ಶುರು ಮಾಡಿ. 12ನೇ ಕಾಲಂನಲ್ಲಿ ವರ್ಷವಾರು ಬೆಳೆ ಇರುತ್ತದೆ. ಜೋಳ, ಹತ್ತಿ, ಭತ್ತ ಅಂತ ಬರುತ್ತಿದ್ದದ್ದು ಯಾವ ವರ್ಷ ನಿಂತಿತು? ಭೂಪರಿವರ್ತನೆ ಆದೇಶದ ತಾರೀಖು ಯಾವುದು? ಎರಡರ ನಡುವೆ ಐದಾರು ವರ್ಷದ ಅಂತರ ಇದ್ದರೆ, ಪರಿವರ್ತನೆಗೆ ಮುಂಚೆಯೇ ಅಲ್ಲಿ ಏನೋ ನಡೆದಿರಬಹುದು. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಇದ್ದರೆ ಆ ಅಡಮಾನ ಪತ್ರದ ನಕಲು ತೆಗೆಸಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದದ್ದು ಇದೇ. ಷೆಡ್ಯೂಲಿನಲ್ಲಿ ಬಾಯ್ಲರು, ಡೀಸೆಲ್ ಟ್ಯಾಂಕು, ವಾಷಿಂಗ್ ಮಷಿನ್ನು ಎಲ್ಲ ಬರೆದಿರುತ್ತದೆ. ಸಾಲ ಬೇಕಾದಾಗ ಮಾಲೀಕ ಏನನ್ನೂ ಮುಚ್ಚಿಡುವುದಿಲ್ಲ.

ಋಣಭಾರ ಪತ್ರ ಆನ್‌ಲೈನ್‌ನಲ್ಲಿ ಸಿಗದ ಹಳೇ ವರ್ಷಗಳಿಗೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಎಷ್ಟು ಹಿಂದಕ್ಕೆ ಹೋಗಬೇಕು? ಅಮೆರಿಕದ ಮಾದರಿ, ಜಾಗದಲ್ಲಿ ಮೊದಲ ಕಟ್ಟಡ ಬಂದ ಕಾಲ ಅಥವಾ 1940, ಯಾವುದು ಹಿಂದಿನದೋ ಅಲ್ಲಿಯವರೆಗೆ ಅನ್ನುತ್ತದೆ. ನಮ್ಮ ಕಡೆ ಹೆಚ್ಚಿನ ಜಾಗಗಳಿಗೆ ಸುಲಭದ ಗುರುತು ಒಂದಿದೆ. ಪಹಣಿಯಲ್ಲಿ ಬರೀ ಬೆಳೆ ಕಾಣುವ ತನಕ ಹೋಗಿ.

ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ ಎರಡರಲ್ಲೂ ಬಾವಿ ಮತ್ತು ಹಳ್ಳದ ಗುರುತು ಹುಡುಕಿ. ನಕ್ಷೆಯಲ್ಲಿ ಬಾವಿ ಇದೆ, ಜಾಗದಲ್ಲಿ ಇಲ್ಲ ಅಂದರೆ ಅದನ್ನು ಮುಚ್ಚಿದ್ದಾರೆ. ಯಾವುದರಿಂದ ಮುಚ್ಚಿದ್ದಾರೆ ಅನ್ನುವುದೇ ಪ್ರಶ್ನೆ. ಫ್ಯಾಕ್ಟರಿ ಜಾಗದಲ್ಲಿ ಹಳೇ ಬಾವಿ ಅಂದರೆ ಕೈಗೆ ಸಿಕ್ಕ ಕಸದ ಗುಂಡಿ.

ಇನ್ನೊಂದು ಕಾಗದ: ಜೆಸ್ಕಾಂ ಬಿಲ್ಲು. "ಇಲ್ಲಿ ಬರೀ ಗೋಡೌನ್ ಇತ್ತು ಸಾರ್" ಅಂದವರ ಹಳೇ ಬಿಲ್ಲಿನಲ್ಲಿ ಮಂಜೂರಾದ ಲೋಡ್ 75 ಎಚ್‌ಪಿ ಇತ್ತು. ಎರಡು ಟ್ಯೂಬ್‌ಲೈಟಿಗೆ 75 ಎಚ್‌ಪಿ ಯಾಕೆ ಬೇಕು, ಅಲ್ವಾ?

ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಪ್ಲಾಟ್ ಆದರೆ ಪಹಣಿಯಿಂದ ಹೆಚ್ಚೇನೂ ಸಿಗದು. ಹಂಚಿಕೆ ಪತ್ರ, ಮಂಜೂರಾದ ಕಟ್ಟಡ ನಕ್ಷೆ, ಹಿಂದಿನ ಹಂಚಿಕೆದಾರರ ಫೈಲು ಕೇಳಿ.

## ಹಂತ 3: ಮೇಲಿನಿಂದ ನೋಡಿ

ಗೂಗಲ್ ಅರ್ಥ್ ಪ್ರೊ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ. ಗಡಿಯಾರದ ಗುರುತು ಒತ್ತಿದರೆ ಹಳೇ ವರ್ಷಗಳ ಚಿತ್ರ ಬರುತ್ತದೆ. ವರ್ಷಕ್ಕೆ ಎರಡು ನೋಡಿ, ಬೇಸಿಗೆಯದು ಒಂದು, ಮಳೆ ಮುಗಿದ ಮೇಲಿನದು ಒಂದು. ಬೇಸಿಗೆಯಲ್ಲೂ ಒಣಗದ ಕಪ್ಪು ಹೊಂಡ, ಹಿಂದಿನ ವರ್ಷ ಇದ್ದು ಈ ವರ್ಷ ಮಾಯವಾದ ಶೆಡ್ಡು, ಇದ್ದಕ್ಕಿದ್ದಂತೆ ಸಪಾಟಾದ ತಗ್ಗು, ಗೋಡೆ ದಾಟಿ ಹಳ್ಳದ ಕಡೆ ಹೋದ ಬಣ್ಣದ ಗೆರೆ. ಒಂದೊಂದನ್ನೂ ಸ್ಕ್ರೀನ್‌ಶಾಟ್ ತೆಗೆದು ತಾರೀಖು ಬರೆದಿಡಿ. ನೆಲದ ಮೇಲೆ ನಡೆಯುವಾಗ ಇದೇ ನಿಮ್ಮ ನಕ್ಷೆ.

ಪಕ್ಕದ ಜಾಗಗಳನ್ನೂ ಬಿಡಬೇಡಿ. ಮೇಲ್ಭಾಗದಲ್ಲಿ ಪೆಟ್ರೋಲ್ ಬಂಕ್ ಇದ್ದರೆ ನಿಮ್ಮ ಜಾಗ ಎಷ್ಟೇ ಚೊಕ್ಕಟ ಇದ್ದರೂ ಅದು ನಿಮ್ಮ ಸಮಸ್ಯೆಯೇ.

## ಹಂತ 4: ಮಂಡಳಿಯ ಫೈಲು

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಪ್ರಾದೇಶಿಕ ಕಚೇರಿ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಕೊಡಿ. ಅರ್ಜಿಯಲ್ಲಿ "ಮಾಲಿನ್ಯದ ಬಗ್ಗೆ ಮಾಹಿತಿ ಕೊಡಿ" ಅಂತ ಬರೆದರೆ ಏನೂ ಬರುವುದಿಲ್ಲ. ಸರ್ವೆ ನಂಬರು, ಘಟಕದ ಹಳೇ ಹೆಸರು ಬರೆದು ಇವನ್ನು ಹೆಸರಿಟ್ಟು ಕೇಳಿ: ಸ್ಥಾಪನೆಯ ಸಮ್ಮತಿ ಪತ್ರ, ನಡೆಸುವ ಸಮ್ಮತಿ ಪತ್ರ, ಅವುಗಳ ನವೀಕರಣ, ತಪಾಸಣಾ ವರದಿಗಳು, ನೋಟಿಸು ಮತ್ತು ಮುಚ್ಚುವ ಆದೇಶಗಳು, ಅಪಾಯಕಾರಿ ತ್ಯಾಜ್ಯದ ಅಧಿಕಾರ ಪತ್ರ, ಫಾರ್ಮ್ 4ರ ವಾರ್ಷಿಕ ಲೆಕ್ಕ, ಫಾರ್ಮ್ 10ರ ಸಾಗಣೆ ಚೀಟಿ.

ಕೊನೆಯ ಎರಡನ್ನು ಪಕ್ಕ ಪಕ್ಕ ಇಟ್ಟು ಓದಿ. ವಾರ್ಷಿಕ ಲೆಕ್ಕದಲ್ಲಿ ಆ ವರ್ಷ ಇಷ್ಟು ಕೆಸರು ಹುಟ್ಟಿತು ಅಂತ ಇರುತ್ತದೆ. ಸಾಗಣೆ ಚೀಟಿಯಲ್ಲಿ ಎಷ್ಟು ಹೊರಗೆ ಹೋಯಿತು ಅಂತ ಇರುತ್ತದೆ. ಹುಟ್ಟಿದ್ದು ಜಾಸ್ತಿ, ಹೋದದ್ದು ಕಮ್ಮಿ ಅಂದರೆ ಉಳಿದದ್ದು ಎಲ್ಲಿದೆ? ಬಹುಶಃ ನೀವು ನಿಂತಿರುವ ಕಡೆಯೇ.

ಬಂಕ್ ಇದ್ದ ಜಾಗವಾದರೆ ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಲೈಸೆನ್ಸಿನ ಜೊತೆ ಮಂಜೂರಾದ ನಕ್ಷೆ ಇರುತ್ತದೆ. ನೆಲದಡಿ ಎಷ್ಟು ಟ್ಯಾಂಕು, ಎಲ್ಲಿ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಅಷ್ಟೂ ಟ್ಯಾಂಕು ಕಿತ್ತಿದ್ದಕ್ಕೆ ಕಾಗದ ಕೇಳಿ.

ಸಾಮಾನ್ಯ ತಪ್ಪು: "ಮಂಡಳಿಯಲ್ಲಿ ಫೈಲೇ ಇಲ್ಲ, ಅಂದರೆ ತೊಂದರೆ ಇಲ್ಲ" ಅಂದುಕೊಳ್ಳುವುದು. ಫೈಲು ಇಲ್ಲದೆ ನಡೆದ ಘಟಕವೇ ಹೆಚ್ಚು ಅಪಾಯದ್ದು.

## ಹಂತ 5: ಜಾಗ ನಡೆದು ನೋಡಿ

ಕಾರಿನಿಂದ ಇಳಿದು ಗೇಟಿನ ಹತ್ತಿರ ನಿಂತು ಟೀ ಕುಡಿದು ಬರುವುದಕ್ಕೆ ಭೇಟಿ ಅನ್ನುವುದಿಲ್ಲ. ಮೊದಲು ಗಡಿಯ ಉದ್ದಕ್ಕೂ ಒಂದು ಸುತ್ತು. ಆಮೇಲೆ ಹತ್ತು ಹತ್ತು ಮೀಟರಿಗೆ ಒಂದು ಗೆರೆ ಅಂದುಕೊಂಡು ಹೊಲ ಉತ್ತ ಹಾಗೆ ಆಚೆ ಈಚೆ ನಡೆಯಿರಿ. ಕಟ್ಟಡದ ಒಳಗಿನದು ಕಡೆಗೆ.

ಬಳ್ಳಾರಿ ಹೊರವಲಯದ ಒಂದು ಹಳೇ ಜೀನ್ಸ್ ವಾಷಿಂಗ್ ಘಟಕ ನೆನಪಿದೆ. ಒಂದೆಕರೆ ಹತ್ತು ಗುಂಟೆ. ಶೆಡ್ಡು ಖಾಲಿ, ಸುಣ್ಣ ಬಳಿದಿದ್ದರು, ನೆಲ ಗುಡಿಸಿದ್ದರು. ಮೂಲೆಯಲ್ಲಿ ಸುಮಾರು ಆರಡಿ ನಾಲ್ಕಡಿಯ ಜಾಗದಲ್ಲಿ ಮಾತ್ರ ಸಿಮೆಂಟು ಹೊಸದು. ಹಳೇ ನೆಲ ಕರ್ರಗೆ, ಇದು ಬೆಳ್ಳಗೆ. ಸಲಾಕೆಯಿಂದ ಬಡಿದೆ. ಬೇರೆ ಕಡೆ ಟಕ್ ಟಕ್, ಇಲ್ಲಿ ಡಬ್ ಡಬ್. ಒಡೆಸಿದಾಗ ಕೆಳಗೆ ಎಂಟಡಿಯ ಸಂಪು, ಅದರ ತಳದಲ್ಲಿ ಮೊಣಕಾಲುದ್ದ ನೀಲಿ ಕರಿ ಕೆಸರು. ಸಂಪಿನ ಗೋಡೆ ಬಿರುಕು ಬಿಟ್ಟಿತ್ತು. ಪಕ್ಕದ ಎರೆ ಮಣ್ಣನ್ನು ಕೈಯಲ್ಲಿ ಮುರಿದರೆ ಒಳಗಿನ ಸಂದುಗಳಲ್ಲಿ ನೀಲಿ ಎಳೆ ಕಾಣುತ್ತಿತ್ತು.

ನಮ್ಮ ನೆಲದ ಗುಣ ಇಲ್ಲಿ ಗೊತ್ತಿರಬೇಕು. ಎರೆ ಭೂಮಿ ಒದ್ದೆಯಾದಾಗ ಉಬ್ಬಿ ನೀರು ಬಿಡುವುದಿಲ್ಲ. ಆದರೆ ಬೇಸಿಗೆಯಲ್ಲಿ ಮೂರಡಿಗೂ ಮಿಕ್ಕಿ ಬಿರಿಯುತ್ತದೆ. ಆ ಬಿರುಕಿನಲ್ಲಿ ಸುರಿದದ್ದು ನೇರ ಕೆಳಗೆ. ಮೇಲಿನ ಅರ್ಧ ಅಡಿ ಮಣ್ಣು ಚೆನ್ನಾಗಿದೆ ಅಂತ ಬಿಟ್ಟರೆ ಮೋಸ ಹೋಗುತ್ತೀರಿ. ಮಸಾರಿ ಭೂಮಿಯಲ್ಲಿ ನೀರು ಮೇಲಿನಿಂದಲೇ ಇಳಿಯುತ್ತದೆ, ಕೆಳಗಿನ ಕಲ್ಲಿನ ಸೀಳು ಸಿಕ್ಕರೆ ಅದರ ಗುಂಟ ಎಲ್ಲಿಗೋ ಹೋಗುತ್ತದೆ.

ನೋಡಬೇಕಾದ ಗುರುತುಗಳು:

*ಗಿಡ.* ಬಳ್ಳಾರಿ ಜಾಲಿ ಹಸಿರಾಗಿದೆ ಅಂತ ನೆಲ ಒಳ್ಳೆಯದು ಅನ್ನಬೇಡಿ. ಅದು ಎಲ್ಲಿ ಬೇಕಾದರೂ ಬೆಳೆಯುತ್ತದೆ. ಸುತ್ತ ಬೆಳೆದು ನಡುವೆ ಒಂದು ಕಡೆ ಜಾಲಿಯೂ ಹುಟ್ಟಿಲ್ಲ ಅಂದರೆ ಅಲ್ಲಿ ಗುರುತು ಹಾಕಿ.

*ಬಿಳಿ ಪದರ.* ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ನೀರಿನ ಜಮೀನಿನಲ್ಲಿ ಚೌಳು ಮಾಮೂಲು. ಸುತ್ತಲಿನ ಗದ್ದೆಗಳಲ್ಲೂ ಇದ್ದರೆ ಅದು ಚೌಳು. ನಿಮ್ಮ ಗೋಡೆಯ ಒಳಗೆ, ಒಂದು ಪೈಪಿನ ಬಾಯಿಯ ಮುಂದೆ ಮಾತ್ರ ಇದ್ದರೆ ಬೇರೆ ಕಥೆ.

*ತುಂಬಿಸಿದ ನೆಲ.* ಇದು ಕೊಪ್ಪಳ, ಬಳ್ಳಾರಿಯ ಸ್ಪಾಂಜ್ ಐರನ್ ಘಟಕಗಳ ಸುತ್ತಲಿನ ಜಾಗಗಳಲ್ಲಿ ಮುಖ್ಯ. "ಗರಸು ಹೊಡೆಸಿದ್ದೇವೆ" ಅನ್ನುತ್ತಾರೆ. ಒಂದು ಹಿಡಿ ತೆಗೆದು ನೀರಿನಲ್ಲಿ ತೊಳೆಯಿರಿ. ಕೆಂಪು ಹೋಗಿ ಕರಿ ಕಾಳು, ಇದ್ದಿಲಿನಂಥ ಹಗುರ ಚೂರು, ಗಾಜಿನಂಥ ಹೊಳಪಿನ ತುಂಡು ಉಳಿದರೆ ಅದು ಗರಸಲ್ಲ, ಫ್ಯಾಕ್ಟರಿ ಕಸ. ಅಯಸ್ಕಾಂತ ಈಗ ಹಿಡಿಯಿರಿ. ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟುತ್ತದೆ. ಆದರೆ ಅಂಟಿದ ಮಾತ್ರಕ್ಕೆ ತೀರ್ಮಾನ ಬೇಡ. ನಮ್ಮ ಮಣ್ಣಿನಲ್ಲೇ ಕಬ್ಬಿಣದ ಕರಿ ಕಣ ಇರುತ್ತದೆ. ಪಕ್ಕದ ಹೊಲದ ಹಿಡಿ ಮಣ್ಣಿಗೂ ಹಿಡಿದು ಹೋಲಿಸಿ. ರಾಯಚೂರಿನ ಶಕ್ತಿನಗರದ ಕಡೆ ಗರಸಿನ ಬದಲು ವಿದ್ಯುತ್ ಸ್ಥಾವರದ ಬೂದಿ ಬರುತ್ತದೆ. ಬೆರಳಿಗೆ ಪೌಡರಿನ ಹಾಗೆ ನುಣ್ಣಗೆ, ಬೂದುಬಣ್ಣ.

*ಬಳಸದ ಬೋರು.* ಬಾಯಿಗೆ ಕಲ್ಲು ಮುಚ್ಚಿದ್ದರೆ ತೆಗೆಸಿ ನೋಡಿ. ಕೇಸಿಂಗ್ ಒಳಗೋಡೆಯಲ್ಲಿ ಬಣ್ಣ, ಎಣ್ಣೆ, ಬಾಯಿಗೆ ಬಂದು ಸೇರಿದ ಪೈಪು ಇವೆಯಾ? ಕೊಳಕು ನೀರನ್ನು ಬೋರಿಗೇ ಇಳಿಸುವವರೂ ಇದ್ದಾರೆ. ಅಂಥದ್ದು ಕಂಡರೆ ನಾನು ಗಿರಾಕಿಗೆ ಮುಂದಿನ ಹಂತವನ್ನೇ ಹೇಳುವುದಿಲ್ಲ, ಬೇರೆ ಜಾಗ ನೋಡಿ ಅನ್ನುತ್ತೇನೆ.

ಪ್ರಾಣದ ಮಾತು: ಸಂಪು, ಹಳೇ ಬಾವಿ, ಕೆಸರಿನ ಗುಂಡಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಕೊಳೆತ ಕೆಸರನ್ನು ಕಲಕಿದರೆ ವಿಷಗಾಳಿ ಏಳುತ್ತದೆ, ಎರಡು ಉಸಿರಿನಲ್ಲಿ ಮನುಷ್ಯ ಬೀಳುತ್ತಾನೆ. ಎಷ್ಟೇ ಆಳ ಕಮ್ಮಿ ಇರಲಿ.

ಕಾಲ ಕೂಡ ನೋಡಿಕೊಳ್ಳಿ. ಎರೆ ನೆಲದಲ್ಲಿ ಮಳೆಗಾಲ ಶುರುವಾದರೆ ಜೆಸಿಬಿ ಹೂತುಕೊಳ್ಳುತ್ತದೆ. ಅಗೆತಕ್ಕೆ ಫೆಬ್ರುವರಿಯಿಂದ ಮೇ ಒಳ್ಳೆಯದು. ಆದರೆ ಒಂದು ದೊಡ್ಡ ಮಳೆಯ ಮಾರನೇ ದಿನ ಮತ್ತೊಮ್ಮೆ ಹೋಗಿ ಬನ್ನಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಅಂತ ನೆಲವೇ ತೋರಿಸುತ್ತದೆ.

## ಹಂತ 6: ಸರಿಯಾದವರನ್ನು ಕೇಳಿ

ಮಾಲೀಕ, ಬ್ರೋಕರ್ ಇಬ್ಬರೂ ಹೇಳುವುದು ಗೊತ್ತಿರುವುದೇ. ಹಳೇ ವಾಚ್‌ಮನ್, ಹಮಾಲರು, ಬೋರ್ ಹೊಡೆದ ಲಾರಿಯವರು, ಮೋಟಾರು ಎತ್ತುವ ಮೆಕ್ಯಾನಿಕ್, ಕೆಳಗಿನ ಹೊಲದ ರೈತ, ಎದುರಿನ ಟೀ ಅಂಗಡಿಯವರು, ಇವರನ್ನು ಹುಡುಕಿ.

"ಇಲ್ಲಿ ಮಾಲಿನ್ಯ ಇತ್ತಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕೊಪ್ಪಳದ ಹತ್ತಿರ ಒಬ್ಬ ಹಿರಿಯರ ಜೊತೆ ನಡೆದ ಮಾತು ಇದು.

"ಅಜ್ಜಾರ, ಮಳಿ ಜೋರ್ ಬಂದ್ರ ಈ ಗೋಡಿ ಒಳಗಿನ ನೀರು ಯಾ ಕಡೆ ಹೋಕ್ಕೈತ್ರೀ?"

"ಎಲ್ಲಿ ಹೋಕ್ಕೈತಪ ತಮ್ಮಾ, ನಮ್ಮ ಹೊಲಕ್ಕ. ಮೂರು ವರ್ಷ ಆತು ಆ ಬದುವಿನ ಕಡೆ ಸಜ್ಜಿ ಹುಟ್ಟವಲ್ದು."

ನಾನು ಮಾಲಿನ್ಯ ಅನ್ನುವ ಪದವನ್ನೇ ಆಡಲಿಲ್ಲ. ಬದು ಯಾವುದು ಅಂತ ತೋರಿಸಿಕೊಂಡು ಅಲ್ಲೇ ಗುರುತು ಹಾಕಿದೆವು. ಬೇರೆ ಪ್ರಶ್ನೆಗಳೂ ಹೀಗೇ ಇರಲಿ. ದನ ಇಲ್ಲಿನ ನೀರು ಕುಡಿಯುತ್ತಾವಾ? ಮೋಟಾರು ಎತ್ತಿದಾಗ ಪೈಪು ಹೇಗಿತ್ತು? ರಾತ್ರಿ ಟ್ಯಾಂಕರ್ ಬರುತ್ತಿತ್ತಾ? ಯಾರು ಹೇಳಿದ್ದು, ಯಾವತ್ತು ಅಂತ ಅದೇ ದಿನ ಬರೆದಿಡಿ.

## ಹಂತ 7: ಅಗೆಯಬೇಕಾ ಅಂತ ತೀರ್ಮಾನಿಸಿ

ಈಗ ಕಾಗದ, ಚಿತ್ರ, ನಡಿಗೆ, ಮಾತು ನಾಲ್ಕನ್ನೂ ಒಂದೇ ನಕ್ಷೆಯ ಮೇಲೆ ಇಡಿ. ಎರಡು ಕಡೆಯಿಂದ ಒಂದೇ ಜಾಗಕ್ಕೆ ಬೆರಳು ತೋರಿದರೆ ಅಲ್ಲಿ ಅಗೆಯಲೇಬೇಕು. ಏನೂ ಸಿಗದಿದ್ದರೆ ಫೇಸ್ ಒನ್ ಅಲ್ಲಿಗೆ ಮುಗಿಯಿತು, ಸುಮ್ನೆ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಏನನ್ನು ಪರೀಕ್ಷಿಸಬೇಕು ಅನ್ನುವುದು ಹಿಂದೆ ಏನಿತ್ತು ಅನ್ನುವುದರ ಮೇಲೆ ನಿಂತಿದೆ. ಜೀನ್ಸ್ ವಾಷಿಂಗ್ ಇದ್ದರೆ ಪಿಎಚ್, ಟಿಡಿಎಸ್, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಸಿಒಡಿ (ನೀರಿನ ಕೊಳೆಯ ಅಳತೆ) ಜೊತೆ ಮ್ಯಾಂಗನೀಸ್. ಬಟ್ಟೆಯ ಬಣ್ಣ ತೆಗೆಯಲು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುತ್ತಾರೆ, ಅದಕ್ಕೆ. ಬಂಕ್ ಅಥವಾ ಲಾರಿ ಗ್ಯಾರೇಜ್ ಆದರೆ ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಗುಂಪು, ಮತ್ತು 2000ಕ್ಕಿಂತ ಹಳೇ ಬಂಕ್ ಆದರೆ ಸೀಸ. ಕುಸುಬಲಕ್ಕಿ ಮಾಡುವ ರೈಸ್ ಮಿಲ್ಲಿನಲ್ಲಿ ವಿಷ ಕಮ್ಮಿ, ಕೊಳೆ ಜಾಸ್ತಿ. ನೆನೆಹಾಕಿದ ನೀರು, ಹೊಟ್ಟಿನ ಬೂದಿ. ಬಾಯ್ಲರ್ ಮತ್ತು ಡೀಸೆಲ್ ಟ್ಯಾಂಕಿನ ಸುತ್ತ ಮಾತ್ರ ಎಣ್ಣೆ ಪರೀಕ್ಷಿಸಿ. ಬೆಳೆಗೆ ಹೊಡೆಯುವ ಔಷಧಿಯ ಗೋಡೌನಿಗೆ ಕೀಟನಾಶಕಗಳು. ಹತ್ತಿಬೀಜದಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಕ್ಕೆ ಹೆಕ್ಸೇನ್. ಗುಜರಿ, ಬ್ಯಾಟರಿ ಕೆಲಸಕ್ಕೆ ಸೀಸ. ಎಲೆಕ್ಟ್ರೋಪ್ಲೇಟಿಂಗಿಗೆ ಕ್ರೋಮಿಯಂ, ಅದರಲ್ಲೂ ಹೆಕ್ಸಾವೆಲೆಂಟ್ ರೂಪ. ಸ್ಪಾಂಜ್ ಐರನ್ ಕಸಕ್ಕೆ ಲೋಹಗಳು. ಹಟ್ಟಿಯ ಕಡೆ ಚಿನ್ನದ ಅದಿರಿನ ಕಸ ಇದ್ದರೆ ಆರ್ಸೆನಿಕ್ ಮತ್ತು ಸಯನೈಡ್.

## ಹಂತ 8: ಮಾದರಿ ತೆಗೆಯುವುದು

ಹೆಚ್ಚು ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಶುರುವಿನಲ್ಲಿ ಒಂದು ಹಳೇ ಬಂಕಿನ ಪಕ್ಕದ ಜಾಗದ ನೀರನ್ನು ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದು ಕಳಿಸಿದ್ದೆ. ವರದಿ ಚೊಕ್ಕಟ ಬಂತು. ಬಿಸಿಲಿನಲ್ಲಿ ಮೂರು ದಿನ ಕಾದ ಟ್ಯಾಂಕಿನಲ್ಲಿ ಪೆಟ್ರೋಲಿನ ಅಂಶ ಉಳಿಯುತ್ತದೆಯೇ? ಎಲ್ಲ ಆವಿ. ಮತ್ತೆ ಬೋರಿನಿಂದಲೇ ತೆಗೆದಾಗ ನಿಜ ಹೊರಬಂತು. ಎರಡನೇ ಪರೀಕ್ಷೆಯ ಖರ್ಚು ನನ್ನ ಜೇಬಿನಿಂದ.

ನೀರು. ಬೋರಿನ ಕೇಸಿಂಗಿನಲ್ಲಿ ನಿಂತ ನೀರನ್ನು ಮೊದಲು ಹೊರಹಾಕಬೇಕು. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು. 30 ಮೀಟರ್ ನೀರು ನಿಂತಿದ್ದರೆ 640 ಲೀಟರ್ ಆಯಿತು. ಅದರ ಮೂರರಷ್ಟು, ಅಂದರೆ ಸುಮಾರು 1,900 ಲೀಟರ್ ಬಿಟ್ಟ ಮೇಲೆ ಮಾದರಿ. ಪಂಪು ಎಷ್ಟು ಹೊತ್ತು ಓಡಬೇಕು ಅಂತ ಒಂದು ಬಕೆಟ್ ತುಂಬುವ ಸಮಯ ನೋಡಿ ಲೆಕ್ಕ ಹಾಕಿ. ಲೋಹಗಳ ಬಾಟಲಿಗೆ ಲ್ಯಾಬಿನವರೇ ನೈಟ್ರಿಕ್ ಆಮ್ಲ ಹಾಕಿ ಕೊಡುತ್ತಾರೆ, ಅದನ್ನು ತೊಳೆಯಬೇಡಿ. ಬೆಂಜೀನ್ ಥರದವಕ್ಕೆ 40 ಮಿಲಿಯ ಗಾಜಿನ ಸೀಸೆ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ ಮುಚ್ಚಿ, ಐಸಿನಲ್ಲಿಡಿ. ಹೆಕ್ಸಾವೆಲೆಂಟ್ ಕ್ರೋಮಿಯಂ ಮಾದರಿ 24 ಗಂಟೆಯೊಳಗೆ ಪರೀಕ್ಷೆ ಆಗಬೇಕು. ರಾಯಚೂರಿನಿಂದ ಬೆಂಗಳೂರಿಗೆ ಕಳಿಸುವುದಾದರೆ ರಾತ್ರಿ ಬಸ್ಸು, ರೈಲು ಮೊದಲೇ ನೋಡಿಕೊಳ್ಳಿ.

ಮಣ್ಣು. ರೈತರು ಮಣ್ಣು ಪರೀಕ್ಷೆಗೆ ಹೊಲದ ಹತ್ತು ಕಡೆ ತೆಗೆದು ಕಲಸಿ, ನಾಲ್ಕು ಭಾಗ ಮಾಡಿ ಅರ್ಧ ಕಿಲೋ ಕಳಿಸುತ್ತಾರೆ. ಗೊಬ್ಬರದ ಲೆಕ್ಕಕ್ಕೆ ಅದು ಸರಿ. ಇಲ್ಲಿ ಅದನ್ನೇ ಮಾಡಿದರೆ ಒಂದು ಕಡೆಯ ವಿಷ ಒಂಬತ್ತು ಕಡೆಯ ಒಳ್ಳೆ ಮಣ್ಣಿನಲ್ಲಿ ಕರಗಿಹೋಗುತ್ತದೆ. ಕಲಸಬೇಡಿ. ಅನುಮಾನದ ಜಾಗದಲ್ಲೇ, ಮೇಲಿನ ಅರ್ಧ ಅಡಿ, ಎರಡಡಿ, ನಾಲ್ಕಡಿ ಹೀಗೆ ಬೇರೆ ಬೇರೆ ಪೊಟ್ಟಣ. ಎರೆ ಮಣ್ಣಾದರೆ ಬಿರುಕು ಮುಗಿಯುವ ಆಳಕ್ಕಿಂತ ಕೆಳಗಿನದೂ ಒಂದು. ಪ್ರತಿ ಸಲ ಸಲಿಕೆ ತೊಳೆಯಿರಿ.

ಹೋಲಿಕೆಯ ಮಾದರಿ. ಮೇಲ್ಭಾಗದ, ಅದೇ ಬಗೆಯ ಮಣ್ಣಿನ ಒಂದು ಬರೀ ಹೊಲದಿಂದ ಒಂದು ಮಾದರಿ ತೆಗೆಯಲೇಬೇಕು. ಸಂಡೂರು ಕಡೆಯ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಹುಟ್ಟಿನಿಂದಲೇ ಜಾಸ್ತಿ. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಬೋರಿನಲ್ಲಿ ಫ್ಲೋರೈಡ್ ಕಲ್ಲಿನಿಂದಲೇ ಬರುತ್ತದೆ. ಹೋಲಿಕೆ ಇಲ್ಲದೆ ಮಾರುವವರ ಮೇಲೆ ತಪ್ಪು ಹೊರಿಸಿದರೆ ಜಗಳ, ಹೊರಿಸದೆ ಬಿಟ್ಟರೆ ನಷ್ಟ.

ಲ್ಯಾಬು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದದ್ದಾಗಿರಲಿ. ನಿಮಗೆ ಬೇಕಾದ ಅಂಶಕ್ಕೇ ಮಾನ್ಯತೆ ಇದೆಯಾ ಅಂತ ಪಟ್ಟಿ ತರಿಸಿ ನೋಡಿ. ಬಾಟಲಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಅನ್ನುವ ಹಾಳೆಗೆ ಎಲ್ಲರ ಸಹಿ ಇರಲಿ. ಸಾಧ್ಯವಾದರೆ ಮಾರುವವರ ಕಡೆಯ ಒಬ್ಬರನ್ನು ಎದುರಿಗೆ ನಿಲ್ಲಿಸಿಕೊಳ್ಳಿ.

## ಹಂತ 9: ವರದಿ ಓದಿ ಮಾತಿಗೆ ಕೂರಿ

ಮೊದಲು ಬಿಡಿಎಲ್ ಅಂತ ಬರೆದ ಕಡೆ ಕಣ್ಣು ಹಾಕಿ. ಪತ್ತೆ ಮಿತಿಗಿಂತ ಕಮ್ಮಿ ಅಂತ ಅರ್ಥ, ಸೊನ್ನೆ ಅಂತ ಅಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಲ್ಯಾಬಿನ ಪತ್ತೆ ಮಿತಿಯೇ 0.05 ಇದ್ದರೆ ಆ ಬಿಡಿಎಲ್ ನಂಬಿ ಪ್ರಯೋಜನ ಇಲ್ಲ. ಫ್ಲೋರೈಡ್ 1.0 ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ನೀರಿನ ಲೆಕ್ಕ ಲೀಟರಿಗೆ, ಮಣ್ಣಿನ ಲೆಕ್ಕ ಕಿಲೋಗೆ. ಇವೆರಡನ್ನೂ ಒಂದೇ ಮಿತಿಗೆ ಹೋಲಿಸಿದ ವರದಿ ನನ್ನ ಕೈಗೆ ಬಂದದ್ದುಂಟು.

ತೊಂದರೆ ಸಿಕ್ಕರೆ ಮೂರು ದಾರಿ. ಬಿಟ್ಟುಬಿಡುವುದು. ಮಾರುವವರೇ ಸ್ವಚ್ಛ ಮಾಡಿ, ಮತ್ತೆ ಪರೀಕ್ಷೆ ಮಾಡಿಸಿ ಕೊಡುವುದು. ಇಲ್ಲವೇ ಸ್ವಚ್ಛಗೊಳಿಸುವ ಅಂದಾಜು ಖರ್ಚನ್ನು ಬೆಲೆಯಲ್ಲಿ ಕಳೆದು, ಸ್ವಲ್ಪ ಹಣ ತಡೆಹಿಡಿದು ಕೊಳ್ಳುವುದು. ನನ್ನ ಆಯ್ಕೆ ಎರಡನೆಯದು. ಅಗೆಯುತ್ತಾ ಹೋದಂತೆ ಗುಂಡಿ ದೊಡ್ಡದಾಗುತ್ತದೆಯೇ ಹೊರತು ಅಂದಾಜಿನಷ್ಟಕ್ಕೆ ನಿಲ್ಲುವುದು ಅಪರೂಪ. ಹೊರತೆಗೆದ ಕೆಸರು ಅಪಾಯಕಾರಿ ತ್ಯಾಜ್ಯವಾದರೆ ಅಧಿಕೃತ ವಿಲೇವಾರಿ ಘಟಕಕ್ಕೇ, ಫಾರ್ಮ್ 10ರ ಚೀಟಿ ಸಮೇತ ಹೋಗಬೇಕು. ರಾತ್ರಿ ಟ್ರ್ಯಾಕ್ಟರಿನಲ್ಲಿ ಹಳ್ಳಕ್ಕೆ ಹೋದರೆ ಅಪರಾಧ. ಚೀಟಿಯ ಪ್ರತಿ ನಿಮ್ಮ ಹತ್ತಿರ ಇರಲಿ.

ಬಳ್ಳಾರಿಯ ಆ ವಾಷಿಂಗ್ ಘಟಕದಲ್ಲಿ ನಾಲ್ಕು ತಿಂಗಳು ಹಿಡಿಯಿತು. ಸಂಪು ಖಾಲಿ ಮಾಡಿ, ಸುತ್ತಲಿನ ಮಣ್ಣು ಐದಡಿ ತೆಗೆದು, ತಳ ಮತ್ತು ನಾಲ್ಕೂ ಗೋಡೆಯಿಂದ ಮತ್ತೆ ಮಾದರಿ ಕಳಿಸಿ, ಫಲಿತಾಂಶ ಹೋಲಿಕೆಯ ಹೊಲದ ಮಟ್ಟಕ್ಕೆ ಬಂದ ಮೇಲೆ ರಿಜಿಸ್ಟ್ರೇಶನ್ ಆಯಿತು.

## ವರದಿಯ ಆಯಸ್ಸು

ಎಎಸ್‌ಟಿಎಂ ಮಾದರಿಯಲ್ಲಿ ಭೇಟಿ, ಮಾತುಕತೆ, ಸರ್ಕಾರಿ ದಾಖಲೆಗಳ ಹುಡುಕಾಟ ಇವೆಲ್ಲ ಖರೀದಿಗೆ ಮುಂಚಿನ 180 ದಿನದೊಳಗಿನವು ಆಗಿರಬೇಕು. ದಿನ ಎಣಿಸುವುದು ವರದಿಗೆ ಸಹಿ ಹಾಕಿದ ದಿನದಿಂದಲ್ಲ, ಒಂದೊಂದು ಕೆಲಸ ನಡೆದ ದಿನದಿಂದ. ಅದು ದಾಟಿದರೆ ಆ ಭಾಗಗಳನ್ನು ಹೊಸದಾಗಿ ಮಾಡಬೇಕು, ಒಂದು ವರ್ಷ ದಾಟಿದರೆ ಇಡೀ ವರದಿಯೇ ಹಳೆಯದು. ಮಾರುವವರು "ಹೋದ ಗಿರಾಕಿ ಮಾಡಿಸಿದ್ದು ಇದೆ, ತಗೊಳ್ಳಿ" ಅಂತ ಕೊಟ್ಟರೆ ಬೇಡ ಅನ್ನಬೇಡಿ, ಇಸ್ಕೊಂಡು ಪೂರ್ತಿ ಓದಿ. ಆಮೇಲೆ ಆ ಗಿರಾಕಿ ಯಾಕೆ ಕೊಳ್ಳಲಿಲ್ಲ ಅಂತ ಫೋನ್ ಮಾಡಿ ಕೇಳಿ.